ಗುರಾಣಿಯವಳು ಕೊಟ್ಟ ಬಟ್ಟಲು

ಟೀವಿಯೊಳಗಿನ ಊರಿನಲ್ಲಿ ಆಗ ತಾನೇ ಬೆಳಗಾಗುತ್ತಿತ್ತು. ಅವನಿಗೆ ಬೆಳಗಾಗುವುದು ಬೇಡವಾಗಿತ್ತು. ಮಾಡುಗಳ ಅಂಚಿಗೆ ಮೊದಲ ಬೆಳಕು ತಗುಲುತ್ತಿದ್ದ ಹಾಗೆ ಆಟದಲ್ಲಿ ಅವನು ನಡೆಸುತ್ತಿದ್ದ ಬೇಟೆಗಾರನ ಮೈಯಿಂದ ತೆಳ್ಳಗೆ ಹೊಗೆ ಏಳತೊಡಗಿತು, ಟೀವಿಯ ಮೂಲೆಯಲ್ಲಿ ಅವನ ಜೀವ ಎಷ್ಟು ಉಳಿದಿದೆ ಎಂದು ತೋರಿಸುವ ಕೆಂಪು ಗೆರೆ ಸಣ್ಣಗೆ ಕರಗತೊಡಗಿತು. ಬೇಟೆಗಾರನನ್ನು ಓಡಿಸಿಕೊಂಡು ಹೋಗಿ ಛತ್ರದ ಬಾಗಿಲು ತಳ್ಳಿದ. ಛತ್ರದ ಯಜಮಾನಿ ಒಂದು ಹೆಜ್ಜೆ ಹಿಂದೆ ಸರಿದು, "ನಿನ್ನ ಮುಖ ಯಾಕೋ ಸರಿಯಿಲ್ಲ. ಹೊರಗೇ ನಿಲ್ಲು ಮಾರಾಯ" ಎಂದಳು. ಇದೇ ಹೆಂಗಸು ಮೊನ್ನೆಮೊನ್ನೆಯವರೆಗೆ, ಬಾ, ಬೆಂಕಿಯ ಹತ್ತಿರ ಕೂತುಕೋ ಅನ್ನುತ್ತಿದ್ದವಳು. ಆಟ ಆಡಿಸುವ ಗುಂಡಿಗಳ ಕರಿಯ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕೂತ. ಕಿವಿ ಬಿಸಿಯಾಗಿರುವುದು ಗೊತ್ತಾಯಿತು. ಐವತ್ತರ ಹತ್ತಿರ ಬಂದ ಗಂಡಸು, ಇಲ್ಲದ ಊರಿನ ಇಲ್ಲದ ಹೆಂಗಸೊಬ್ಬಳು ಆಡಿದ ಮಾತಿಗೆ ಅವಮಾನಪಡುವುದೆಂದರೆ! ಕಿಟಕಿಯ ದಪ್ಪ ಕರ್ಟನ್ನಿನ ಆಚೆ ನಿಜವಾದ ಬಿಸಿಲು ಕಾಂಪೌಂಡಿನ ಗೋಡೆ ದಾಟಿ ಬಂದಿತ್ತು. ಅದೂ ಅವನಿಗೆ ಕೂಡದು. ಹೊಸ ಕಿಡ್ನಿಯನ್ನು ಮೈ ಒಲ್ಲೆ ಅನ್ನದಿರಲಿ ಎಂದು ಕೊಡುವ ಮಾತ್ರೆಗಳು ಚರ್ಮವನ್ನು ಎಳೆಯ ಮಗುವಿನದರ ಹಾಗೆ ಮಾಡಿಬಿಡುತ್ತವೆ, ಬಿಸಿಲಿಗೆ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರು. ಹೆಂಡತಿ ಪ್ರತಿ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಕರ್ಟನ್ನನ್ನು ಎಳೆದು, ಸಂದಿಯಲ್ಲಿ ಬೆಳಕು ನುಸುಳದ ಹಾಗೆ ಅದರ ಅಂಚಿಗೆ ಬಟ್ಟೆ ಸಿಕ್ಕಿಸುವ ಕ್ಲಿಪ್ಪು ಹಾಕಿ ಹೋಗುತ್ತಿದ್ದಳು.

ಈ ಆಟವನ್ನು ಹಾಕಿಕೊಟ್ಟವಳು ಮಗಳು. ಹಾಸ್ಟೆಲಿಗೆ ವಾಪಸು ಹೋಗುವ ಮುಂಚೆ ಪಕ್ಕದಲ್ಲಿ ಕೂತು, ಇದು ನಡೆಯೋದಕ್ಕೆ, ಇದು ಬಿಲ್ಲು ಎತ್ತೋದಕ್ಕೆ ಎಂದು ಕಲಿಸಿದ್ದಳು. "ಅಪ್ಪ, ಹೆದರಬೇಡ, ತಪ್ಪು ಮಾಡಿದ್ರೆ ಏನೂ ಆಗಲ್ಲ" ಎಂದು ಅವಳು ಅಂದಾಗ ಅವನಿಗೆ ನಗು ಬಂದಿತ್ತು. ಆ ಮಾತು ಅವನದು. ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವನು ಅವನು; ಬೆವರಿದ ಅಂಗೈಯವರು, ಕ್ಲಚ್ಚು ಬಿಡುವಾಗ ಕಣ್ಣು ಮುಚ್ಚುವವರು, ಎದುರಿಗೆ ಲಾರಿ ಬಂದರೆ ಸ್ಟಿಯರಿಂಗ್ ಬಿಟ್ಟು ದೇವರಿಗೆ ಕೈಮುಗಿಯುವವರು, ಎಲ್ಲರ ಪಕ್ಕದಲ್ಲೂ ಅದೇ ತಣ್ಣಗಿನ ದನಿಯಲ್ಲಿ ಹೆದರಬೇಡಿ ಅಂದವನು. ಬ್ರೇಕ್ ಮೇಷ್ಟ್ರು ಎಂದು ಅಡ್ಡಹೆಸರು. ಎದುರುಮನೆಯ ಟೈಲರನ ಹೆಂಡತಿಗೂ ಅವನೇ ಕಲಿಸಿದ್ದು. ಈಗ ಆ ಟೈಲರು ಗೇಟಿನ ಹತ್ತಿರ ಬಂದರೆ ಮೂಗಿಗೆ ಕರ್ಚೀಫು ಹಿಡಿದು, "ಮೇಷ್ಟ್ರೇ, ಹೇಗಿದೀರಾ? ಒಳಗೆ ಬರಲ್ಲ, ನಿಮಗೆ ಸೋಂಕು ತಾಗಬಾರದು ನೋಡಿ" ಎಂದು ರಸ್ತೆಗೆಲ್ಲ ಕೇಳುವ ಹಾಗೆ ಕೂಗಿ ಹೋಗುತ್ತಿದ್ದ. ಸೋಂಕು ತಾಗಬಾರದಾದದ್ದು ಇವನಿಗೆ; ಆದರೆ ನೋಡಿದವರಿಗೆ ಇವನಿಂದಲೇ ಏನೋ ತಾಗುತ್ತದೆ ಅನ್ನಿಸಬೇಕು. ಒಳ್ಳೆಯದಕ್ಕೇ ದೂರ ಇಡುತ್ತಾರೆ, ಆದರೂ ದೂರ ದೂರವೇ. ಹೆಂಡತಿ ಅವನ ತಟ್ಟೆ ಲೋಟಗಳನ್ನು ಬೇರೆ ಕುದಿಸಿ ಬೇರೆ ಕಪಾಟಿನಲ್ಲಿ ಇಡುತ್ತಿದ್ದಳು. ಬೆಕ್ಕನ್ನು ಅವಳ ತವರಿಗೆ ಕಳಿಸಿಯಾಗಿತ್ತು.

ಬೇಟೆಗಾರನಿಗೆ ಬಿಸಿಲಿಗೆ ಹೊಗೆಯೇಳುವ ಈ ರೋಗ ತಗುಲಿದ್ದು ಒಂದು ಗವಿಯಲ್ಲಿ. ಬಿಳಿಚಿದ ಮುಖದ ಒಬ್ಬಳು ಕತ್ತಲಿನಿಂದ ಹಾರಿ ಕೊರಳು ಪರಚಿದ್ದಳು. ಅವಳನ್ನು ಕೊಂದು, ಪೆಟ್ಟಿಗೆಯಲ್ಲಿದ್ದುದನ್ನು ಎತ್ತಿಕೊಂಡು ಹೊರಗೆ ಬಂದಾಗ ಟೀವಿಯ ಅಂಚಿನಲ್ಲಿ ಸಣ್ಣಕ್ಷರದ ಒಂದು ಸಾಲು ಮೂಡಿ ಮರೆಯಾಗಿತ್ತು: ನಿನ್ನ ರಕ್ತದಲ್ಲಿ ಏನೋ ಸೇರಿದೆ. ಅವನು ಓದಿದ್ದ, ಓದಿಯೂ ಮುಂದೆ ಹೋಗಿದ್ದ. ಸಣ್ಣಕ್ಷರದ ಸಾಲುಗಳನ್ನು ಓದಿ ಮುಂದೆ ಹೋಗುವುದು ಅವನಿಗೆ ಹೊಸದಲ್ಲ. ಅವನ ಸ್ವಂತ ಮೈಯಲ್ಲೂ ಹೀಗೇ ಆಗಿತ್ತು: ಮೊದಲು ಕಾಲು ಊದಿ ಶೂ ಬಿಗಿಯಾಯಿತು. ಹೊಸ ಶೂ ಕೊಂಡ. ಆಮೇಲೆ ಬೆಳಿಗ್ಗೆ ಕಣ್ಣಿನ ಕೆಳಗೆ ಊದಿಕೊಳ್ಳತೊಡಗಿತು, ದಿಂಬು ಬದಲಾಯಿಸಿದ. ಪಾಠದ ಮಧ್ಯೆ ಹುಡುಗಿಯೊಬ್ಬಳು ಗಾಡಿ ತಿರುಗಿಸುತ್ತಿದ್ದಾಗ ಅವನಿಗೆ ರಸ್ತೆಯೇ ತಿರುಗಿದ ಹಾಗಾಗಿ ವಾಂತಿಯಾಯಿತು, ಆಗಲೂ ಅವನು ಅಂದದ್ದು, ಮಧ್ಯಾಹ್ನದ ಊಟ ಸರಿಯಿರಲಿಲ್ಲ ಅಂತ. ಆಸ್ಪತ್ರೆಯಲ್ಲಿ ಎರಡೂ ಹೋಗಿವೆ ಎಂದರು. ಎರಡೂ ಅಂದರೆ ಏನು ಎಂದು ಅವನು ದಡ್ಡನ ಹಾಗೆ ಕೇಳಿದ್ದ.

"ಅಪ್ಪ, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀಯ?" ಎಂದು ಮಗಳು ಫೋನಿನಲ್ಲಿ ನಕ್ಕಿದ್ದಳು. "ರಕ್ತಪಿಶಾಚಿ ಆದ್ರೆ ಆಗ್ಲಿ ಬಿಡು, ಶಕ್ತಿ ಜಾಸ್ತಿ. ಯಾರಾದ್ರೂ ಮಲಗಿರೋವಾಗ ಹೋಗಿ ಸ್ವಲ್ಪ ಕುಡಿದುಬಿಡು. ಕುಡಿದ್ರೆ ಮುಖ ಸರಿಹೋಗುತ್ತೆ, ಜನ ಮಾತಾಡಿಸ್ತಾರೆ, ಬಿಸಿಲೂ ಅಷ್ಟು ಸುಡಲ್ಲ."

"ಮಲಗಿರೋವ್ರಿಗೆ?"

"ಅವರಿಗೇನಾಗುತ್ತೆ? ಗೊತ್ತೇ ಆಗಲ್ಲ. ಎದ್ದು ಅವರ ಪಾಡಿಗೆ ಅವರು ಕೆಲಸಕ್ಕೆ ಹೋಗ್ತಾರೆ."

ಈ ಮಾತನ್ನು ಅವನು ಎಲ್ಲೋ ಕೇಳಿದ್ದ. ದೊಡ್ಡ ಡಾಕ್ಟರು, ಅವರ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಬಿಡಿಸಿ ಜೋಡಿಸುವ ಕಿಡ್ನಿ, ಎದುರಿಗೆ ಕಿಡ್ನಿ ಕೊಡಲು ಬಂದ ಅವನ ತಂಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಮನುಷ್ಯನಿಗೆ ಒಂದು ಸಾಕಮ್ಮ, ಇನ್ನೊಂದು ಇರೋದು ಸುಮ್ಮನೆ ಸ್ಟೆಪ್ನಿ ಹಾಗೆ. ಸ್ವಲ್ಪ ದಿನದಲ್ಲಿ ಎದ್ದು ನಿಮ್ಮ ಪಾಡಿಗೆ ನೀವು ಕೆಲಸಕ್ಕೆ ಹೋಗಬಹುದು. ಸ್ಟೆಪ್ನಿ ಅಂದದ್ದಕ್ಕೆ ಎಲ್ಲರೂ ಅವನ ಕಡೆ ನೋಡಿ ನಕ್ಕಿದ್ದರು, ಕಾರಿನವನು ಎಂದು. ತಂಗಿಯೂ ನಕ್ಕಿದ್ದಳು. ಅವಳು ಈಜು ಕಲಿಸುವವಳು. ಅಣ್ಣತಂಗಿ ಇಬ್ಬರೂ ಜನರ ಹೆದರಿಕೆಯ ಮೇಲೆ ಹೊಟ್ಟೆ ಹೊರೆಯುವವರು ಎಂದು ಅವರಪ್ಪ ತಮಾಷೆ ಮಾಡುತ್ತಿದ್ದರು. ಆಪರೇಷನ್ನಾದ ಮೇಲೆ ಅವಳು ಕೊಳಕ್ಕೆ ಇಳಿಯುತ್ತಿಲ್ಲವೆಂದು, ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತು ಸೀಟಿ ಊದಿ ಕಲಿಸುತ್ತಾಳೆಂದು ಹೆಂಡತಿ ಹೇಳಿದ್ದಳು. ಹೆಂಡತಿ ಅದನ್ನು ಸುಮ್ಮನೆ ಸುದ್ದಿಯ ಹಾಗೆ ಹೇಳಿ ಒಗೆದ ಬಟ್ಟೆ ಮಡಿಸಲು ಹೋಗಿದ್ದಳು. ಅವನು ಮಾತ್ರ ಆ ಕುರ್ಚಿಯನ್ನು ಇನ್ನೂ ನೋಡುತ್ತಿದ್ದ.

ಛತ್ರದ ಹಿಂಬಾಗಿಲಿನಿಂದ ನುಸುಳಿದರೆ ಒಂದು ಕೋಣೆ. ಅಲ್ಲಿ ಗಾಡಿ ಹೊಡೆಯುವವನೊಬ್ಬ ಹಗಲಿಡೀ ಮಲಗಿರುತ್ತಾನೆ. ಬೇಟೆಗಾರ ಹತ್ತಿರ ಹೋಗಿ ನಿಂತರೆ ಅವನ ತಲೆಯ ಮೇಲೆ ಒಂದೇ ಒಂದು ಪದ ತೇಲುತ್ತದೆ: ಕುಡಿ. ಎಷ್ಟೋ ಸಲ ಅವನು ಅಲ್ಲಿಯವರೆಗೆ ಹೋಗಿದ್ದ. ಗಾಡಿಯವನ ಕಂಬಳಿ ಏರುವುದು, ಇಳಿಯುವುದು. ಬಾಯಿ ಅರ್ಧ ತೆರೆದಿರುವುದು. ಆಟದ ಚಿತ್ರ ಬರೆದವರು ಎಷ್ಟು ಶ್ರದ್ಧೆಯಿಂದ ಬರೆದಿದ್ದರೆಂದರೆ ಅವನ ಬೂಟುಗಳು ಮಂಚದ ಕೆಳಗೆ ಜೋಡಿಯಾಗಿ ಗೋಡೆಯ ಕಡೆ ಮುಖ ಮಾಡಿದ್ದವು. ಹೆಬ್ಬೆರಳು ಗುಂಡಿಯ ಮೇಲೆ ಇರುತ್ತಿತ್ತು, ಒತ್ತುತ್ತಿರಲಿಲ್ಲ. ಆಪರೇಷನ್ನಿನ ದಿನ ಅವನನ್ನು ತಳ್ಳಿಕೊಂಡು ಹೋಗುವಾಗ ಗಾಜಿನ ಬಾಗಿಲಿನ ಆಚೆ ತಂಗಿ ಆಗಲೇ ಔಷಧದ ನಿದ್ದೆಯಲ್ಲಿದ್ದಳು. ಅವಳ ಬಾಯಿಯೂ ಹೀಗೇ ಅರ್ಧ ತೆರೆದಿತ್ತು. ಕೂದಲನ್ನು ಹಸಿರು ಟೋಪಿಯೊಳಗೆ ತುರುಕಿದ್ದರು. ಅವಳು ಈಜುವಾಗ ಹಾಕುವ ಟೋಪಿಯ ಹಾಗೆಯೇ ಇದೆ ಎಂದು ಅವನಿಗೆ ಅನ್ನಿಸಿತ್ತು. ಅವನನ್ನು ತಳ್ಳುತ್ತಿದ್ದ ನರ್ಸು, "ಪುಣ್ಯವಂತರು ನೀವು, ಇಂಥ ತಂಗಿ ಯಾರಿಗೆ ಸಿಗ್ತಾರೆ?" ಎಂದಳು. ಅವನು ಹೌದು ಅಂದಿದ್ದ. ನಾಲಿಗೆ ಒಣಗಿತ್ತು, ಆದರೂ ಹೌದು ಅನ್ನುವಷ್ಟು ಪಸೆ ಇತ್ತು.

ಕುಡಿಯದೆ ಇದ್ದರೆ ಆ ಆಟದಲ್ಲಿ ಸಾಯುವುದಿಲ್ಲ. ಅದೇ ಕಷ್ಟ. ಹಸಿವು ಏರಿದಷ್ಟೂ ತೋಳಿಗೆ ಬಲ ಬರುತ್ತದೆ, ಕತ್ತಲಲ್ಲಿ ಕಣ್ಣು ಕಾಣುತ್ತದೆ, ಮುಖ ಮಾತ್ರ ಕೆಡುತ್ತಾ ಹೋಗುತ್ತದೆ. ಕೊನೆಗೆ ಊರ ಕಾವಲಿನವರು ಕಂಡಕೂಡಲೇ ಕತ್ತಿ ಹಿರಿಯತೊಡಗಿದರು. ಅವನ ಕುದುರೆಯೇ ಅವನನ್ನು ಹತ್ತಿಸಿಕೊಳ್ಳಲಿಲ್ಲ. ಜೊತೆಗೆ ಉಳಿದವಳು ಒಬ್ಬಳೇ, ಗುರಾಣಿಯವಳು. ಮೊದಲ ಹಳ್ಳಿಯಲ್ಲಿ ಸಿಕ್ಕಿದ ಜೊತೆಗಾತಿ. ಅಗಲ ಹೆಗಲು, ಒರಟು ದನಿ, ಬೆನ್ನಿಗೆ ಒಂದು ತಗ್ಗುಬಿದ್ದ ಗುರಾಣಿ. ಅವನು ಹೆಕ್ಕಿದ ಹಾಳುಮೂಳನ್ನೆಲ್ಲ ಗೊಣಗದೆ ಹೊರುತ್ತಿದ್ದಳು. ನಿಂತಾಗಲೆಲ್ಲ ಅವಳದು ಒಂದೇ ಮಾತು: "ಎತ್ತ ಕಡೆ?" ಕೆರೆಯ ಹತ್ತಿರ ಬೇರು ಅರೆಯುವ ಮುದುಕಿ ಇದಕ್ಕೆ ಒಂದೇ ಮದ್ದು ಎಂದಿದ್ದಳು. ನೀನು ಏನು ಎಂದು ಗೊತ್ತಿದ್ದವರು, ಗೊತ್ತಿದ್ದೂ, ತಮ್ಮ ರಕ್ತವನ್ನು ಬಟ್ಟಲಲ್ಲಿ ಹಿಡಿದು ಕೊಡಬೇಕು. ಕೊಟ್ಟವರ ಅರ್ಧ ಬಲ ಹೋಗುತ್ತದೆ, ಅದು ತಿರುಗಿ ಬರುವುದಿಲ್ಲ. ಮುದುಕಿಯ ಮಾತು ಮುಗಿಯುವ ಮುಂಚೆಯೇ ಗುರಾಣಿಯವಳು ಮುಂದೆ ಬಂದು, "ನಾನು ಕೊಡ್ತೀನಿ" ಎಂದಳು. ಅವಳ ತಲೆಯ ಮೇಲೆ ಎರಡು ಪದಗಳು ತೇಲಿದವು: ಒಪ್ಪಿಕೋ, ಬೇಡ. ಅವನು ಟೀವಿ ಆರಿಸಿಬಿಟ್ಟ. ಆಮೇಲೆ ಪ್ರತಿದಿನ ಆ ಕೆರೆಯ ದಂಡೆಯವರೆಗೆ ಹೋಗುವುದು, ಎರಡು ಪದಗಳ ಮುಂದೆ ನಿಲ್ಲುವುದು, ತಿರುಗಿ ಬರುವುದು.

ಯಾಕೆಂದರೆ ಅವನಿಗೆ ನಲ್ಲಿಯ ಸದ್ದು ಕೇಳುತ್ತಿತ್ತು. ಆಪರೇಷನ್ನಿನ ಹಿಂದಿನ ಸಂಜೆ ಆಸ್ಪತ್ರೆಯ ಕಾರಿಡಾರಿನ ಕೊನೆಯಲ್ಲಿ, ಕೈತೊಳೆಯುವ ಬೇಸಿನ್ನಿನ ಹತ್ತಿರ, ತಂಗಿ ನಲ್ಲಿಯನ್ನು ಪೂರ್ತಿ ತಿರುಗಿಸಿ ಆ ಸದ್ದಿನ ಅಡಿಯಲ್ಲಿ ಅಳುತ್ತಿದ್ದಳು. ಬೇಸಿನ್ನಿನ ಎರಡೂ ಅಂಚು ಹಿಡಿದು, ಮಕ್ಕಳು ಇಂಜೆಕ್ಷನ್ನಿಗೆ ಅಳುವ ಹಾಗೆ, ಬೇಡ ಬೇಡ ಎಂದು ತಲೆ ಅಲ್ಲಾಡಿಸಿಕೊಂಡು. ಅವನು ಬಾಟಲಿಗೆ ನೀರು ತುಂಬಿಸಿಕೊಳ್ಳಲು ಹೋಗಿದ್ದ. ಒಂದು ಹೆಜ್ಜೆ ಮುಂದಿಟ್ಟಿದ್ದರೆ, ಏಯ್, ಬೇಡ ಬಿಡು, ಮನೆಗೆ ಹೋಗು ಅಂದಿದ್ದರೆ. ಅವನು ಚಪ್ಪಲಿ ಸಪ್ಪಳವಾಗದ ಹಾಗೆ ಹಿಮ್ಮಡಿ ಎತ್ತಿಕೊಂಡು ಹಿಂದೆ ಹಿಂದೆ ಹೆಜ್ಜೆಯಿಟ್ಟು ಬಂದು ಹಾಸಿಗೆಯಲ್ಲಿ ಕೂತಿದ್ದ. ನೀರೆಲ್ಲಿ ಎಂದು ಹೆಂಡತಿ ಕೇಳಿದ್ದಕ್ಕೆ, ನಲ್ಲಿಯಲ್ಲಿ ನೀರು ಬರ್ತಿಲ್ಲ ಎಂದಿದ್ದ. ಬದುಕಬೇಕು ಅನ್ನುವ ಆಸೆ ಅಷ್ಟು ಬೇಗ ಸುಳ್ಳು ಹೇಳುತ್ತದೆ ಎಂದು ಅವನಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಮಾತ್ರೆಯ ವಿಷಯ ಶುರುವಾದದ್ದು ಹೇಗೆ ಎಂದು ಅವನಿಗೇ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಬೆಳಗಿನ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಬೇಕು. ಒಂದು ದಿನ ಆಟದಲ್ಲಿ ಮುಳುಗಿ ತಡವಾಯಿತು. ಮರುದಿನ ಮುಳುಗಿರಲಿಲ್ಲ, ಆದರೂ ತಡಮಾಡಿದ. ಬೇಟೆಗಾರ ಹಸಿದುಕೊಂಡು ಕಾಡಿನ ಅಂಚಿನಲ್ಲಿ ನಿಂತಿದ್ದ, ಇವನು ಅಂಗೈಯಲ್ಲಿ ಮಾತ್ರೆ ಹಿಡಿದು ಕೂತಿದ್ದ. ಇಬ್ಬರಿಗೂ ಆ ತಡೆದುಕೊಳ್ಳುವುದರಲ್ಲಿ ಏನೋ ಮಾನವಿದ್ದಂತೆ ಕಂಡಿತು. ಆಮೇಲೊಂದು ದಿನ ನುಂಗಲೇ ಇಲ್ಲ. ಅಂಗೈಯ ಬೆವರಿಗೆ ಅದರ ಬಣ್ಣ ಕರಗಿ ರೇಖೆಗಳಲ್ಲಿ ನಿಂತಿತ್ತು. ಸಾಯಬೇಕೆಂದಲ್ಲ. ಸಾಯುವುದಕ್ಕೆ ಅವನಿಗೆ ಬೆಟ್ಟದಷ್ಟು ಹೆದರಿಕೆ. ಒಳಗಿರುವುದು, ಕಿಬ್ಬೊಟ್ಟೆಯ ಒಂದು ಬದಿಗೆ ಅಂಗೈಗೆ ಸಿಗುವ ಆ ಸಣ್ಣ ಉಬ್ಬು, ತನ್ನದಲ್ಲ ಎಂದು ಯಾರಿಗಾದರೂ ಹೇಳಬೇಕಾಗಿತ್ತು, ಕೇಳಲು ಆ ಉಬ್ಬನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

ರಕ್ತದ ರಿಪೋರ್ಟು ಕೆಟ್ಟಿತು. ಆಸ್ಪತ್ರೆಯವರು ಹೆಂಡತಿಗೆ ಫೋನು ಮಾಡಿದ್ದರು. ಡ್ರೈವಿಂಗ್ ಸ್ಕೂಲಿನ ಆಫೀಸನ್ನು ಈಗ ನೋಡಿಕೊಳ್ಳುವವಳು ಅವಳೇ. ಅವನ ಜಾಗಕ್ಕೆ ಹೊಸ ಮೇಷ್ಟ್ರನ್ನು ಇಟ್ಟುಕೊಂಡಿದ್ದಳು. ಮಧ್ಯಾಹ್ನವೇ ಮನೆಗೆ ಬಂದು, ಹೆಲ್ಮೆಟ್ಟು ತೆಗೆಯದೆ, ಅವನ ಎದುರಿಗೆ ಬಂದು ನಿಂತಳು.

"ನಿಜ ಹೇಳಿ. ಮಾತ್ರೆ ತಪ್ಪಿಸಿದ್ರಾ?"

"ಇಲ್ಲ."

"ಒಂದು ಸಲಾನೂ?"

"ಇಲ್ಲ ಅಂದೆನಲ್ಲ."

ಅವಳು ನಂಬಿದಳು. ಅವಳು ನಂಬದೆ ಕೂಗಾಡಿದ್ದರೆ, ಡಬ್ಬಿ ತೆಗೆದು ನೋಡಿದ್ದರೆ, ಅವನಿಗೆ ಹಗುರಾಗುತ್ತಿತ್ತು. ಅವಳು ಹೆಲ್ಮೆಟ್ಟಿನೊಳಗಿಂದಲೇ, "ಹಾಗಾದ್ರೆ ನಾನೇ ಎಲ್ಲೋ ತಪ್ಪಿದೀನಿ. ನೀರು ಸರಿಯಾಗಿ ಕುದ್ದಿಲ್ಲವೋ ಏನೋ" ಎಂದು ಹೇಳಿ ಅಡುಗೆಮನೆಗೆ ಹೋದಳು. ಪಾತ್ರೆಗಳನ್ನೆಲ್ಲ ಹೊರಗೆ ತೆಗೆದು ತಿರುಗಿ ತೊಳೆಯುವ ಸದ್ದು ಬಹಳ ಹೊತ್ತು ಕೇಳಿತು. ಅವನು ಎದ್ದು ಹೋಗಿ ಹೇಳಬೇಕೆಂದು ಸೋಫಾದ ಅಂಚಿಗೆ ಬಂದು ಕೂತ. ಅಂಚಿನಲ್ಲೇ ಕೂತಿದ್ದ.

ಮರುದಿನ ಮಧ್ಯಾಹ್ನ ತಂಗಿ ಬಂದಳು. ಗೇಟಿನಿಂದ ಕೂಗಲಿಲ್ಲ, ಮೂಗಿಗೆ ಏನೂ ಹಿಡಿಯಲಿಲ್ಲ; ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಚ್ಚಲಿಗೆ ಹೋಗಿ ಕೈ ಕಾಲು ತೊಳೆದು, ಮಾಸ್ಕು ಕಟ್ಟಿಕೊಂಡು ಬಂದು ಅವನ ಪಕ್ಕದಲ್ಲೇ ಧೊಪ್ಪನೆ ಕೂತಳು. ಅವಳ ಕೂದಲು ಒದ್ದೆಯಾಗಿತ್ತು. ಕೊಳದ ಔಷಧದ ವಾಸನೆ ಬರುತ್ತಿತ್ತು.

"ನೀರಿಗೆ ಇಳೀತಿದ್ದೀಯಾ?" ಎಂದ.

"ಇಳೀದೆ ಏನು ಮಾಡ್ಲಿ? ದಂಡೆ ಮೇಲೆ ಕೂತು ಕೂತು ಕುಂಡೆ ಮರಗಟ್ಟಿತ್ತು." ಟೀವಿಯ ಕಡೆ ನೋಡಿದಳು. ಕೆರೆಯ ದಂಡೆ, ಗುರಾಣಿಯವಳು, ಎರಡು ಪದಗಳು. "ಇದೇನಿದು? ಯಾರಿವಳು?"

ಅವನು ಹೇಳಿದ. ಹೇಳುತ್ತಾ ಹೋದ ಹಾಗೆ ದನಿ ಸಣ್ಣದಾಯಿತು, ಯಾಕೆಂದರೆ ಆಡಿದ ಮೇಲೆ ಅದು ಆಟದ ಮಾತಿನ ಹಾಗೆ ಕೇಳಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವನ ಕಡೆ ತಿರುಗಿ ಕಾಲು ಮೇಲೆತ್ತಿ ಕೂತಳು, ಚಿಕ್ಕಂದಿನಲ್ಲಿ ಜಗಳಕ್ಕೆ ಮುಂಚೆ ಕೂರುತ್ತಿದ್ದ ಹಾಗೆ.

"ಅತ್ತಿಗೆ ಫೋನು ಮಾಡಿ ಅತ್ತರು, ನೀರು ಸರಿ ಕುದಿಸಿಲ್ಲ ಅಂತ. ಆ ಪುಣ್ಯಾತ್ಗಿತ್ತಿ ಕೈ ನೋಡಿದೀಯಾ, ಬಿಸಿನೀರಿಗೆ ಸಿಪ್ಪೆ ಎದ್ದಿದೆ. ಮಾತ್ರೆ ತಪ್ಪಿಸ್ತಿದೀಯ ತಾನೇ?"

ಅವನು ರಿಮೋಟನ್ನು ಸೋಫಾದ ಮೇಲಿಟ್ಟ.

"ಯಾಕೆ ಅಂತ ಕೇಳಲ್ಲ. ನನಗೆ ಗೊತ್ತು. ಅವತ್ತು ಕನ್ನಡಿಯಲ್ಲಿ ನಿನ್ನನ್ನು ನೋಡಿದೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಬೇಸಿನ್ನಿನ ಮೇಲೆ ಕನ್ನಡಿಯಿತ್ತು ಅನ್ನುವುದನ್ನು ಅವನ ನೆನಪು ಇಷ್ಟು ತಿಂಗಳು ಒರೆಸಿಹಾಕಿತ್ತು. ಈಗ ಅದು ಇದ್ದ ಜಾಗದಲ್ಲಿ ಇತ್ತು, ಮೂಲೆಯಲ್ಲಿ ಬಿರುಕು ಸಮೇತ.

"ಬಾಟಲಿ ಹಿಡ್ಕೊಂಡು ಬಂದೆ. ನಿಂತೆ. ಕಳ್ಳಬೆಕ್ಕಿನ ಹಾಗೆ ಹಿಂದೆ ಹಿಂದೆ ಹೋದೆ" ಎಂದಳು ತಂಗಿ. "ನಾನು ಅಲ್ಲೇ ಕಾಯ್ತಿದ್ದೆ, ಗೊತ್ತಾ? ಈಗ ಬರ್ತಾನೆ, ಬೇಡ ಬಿಡು ಅಂತಾನೆ ಅಂತ. ನೀನು ಒಂದು ಮಾತು ಅಂದಿದ್ರೆ ನಾನು ಹೂಂ ಅಂದು ಮನೆಗೆ ಹೋಗಿಬಿಡ್ತಿದ್ದೆ. ದೇವರಾಣೆ ಹೋಗ್ತಿದ್ದೆ. ನೀನು ಅನ್ನಲಿಲ್ಲ."

"ಅನ್ನಲಿಲ್ಲ" ಎಂದ ಅವನು. ಕ್ಷಮಿಸು ಅನ್ನಲು ಬಾಯಿ ತೆರೆದು, ಆ ಮಾತು ಎಷ್ಟು ಅಗ್ಗ ಎಂದು ಮುಚ್ಚಿದ. ಅವಳು ಅದನ್ನು ಕಂಡವಳ ಹಾಗೆ ಕೈ ಎತ್ತಿದಳು.

"ಏನೂ ಹೇಳಬೇಡ. ನಾನು ಕ್ಷಮಿಸೋಕೆ ಬಂದಿಲ್ಲ. ಒಳ್ಳೇದೇ ಆಯ್ತು ಅಂತ ಹೇಳೋಕೂ ಬಂದಿಲ್ಲ. ಎಲ್ಲರೂ ನನ್ನನ್ನ ದೇವತೆ ಅಂತಾರೆ, ನಾನು ನಗ್ತೀನಿ. ರಾತ್ರಿ ಎಲ್ಲ ಅತ್ತು, ಬೆಳಿಗ್ಗೆ ನರ್ಸು ಬಂದು ಕರೆದಾಗ ಎದ್ದು ಹೋದೆ. ಯಾಕೆ ಹೋದೆ ಅಂತ ನನಗೇ ಗೊತ್ತಿಲ್ಲ. ಕಾಲು ಹೋಯಿತು, ಹಿಂದೆ ನಾನೂ ಹೋದೆ. ಈಗಲೂ ನಿನ್ನ ಮೇಲೆ ಸಿಟ್ಟಿದೆ. ಒಂದೊಂದು ದಿನ ಬಹಳ ಇರುತ್ತೆ. ಇರಲಿ. ಆ ಸಿಟ್ಟು ನನ್ನದು. ನೀನು ಹೀಗೆ ಮಾತ್ರೆ ಬಿಟ್ಟು, ಸೊರಗಿ, ಅಯ್ಯೋ ಪಾಪ ಅನ್ನಿಸ್ಕೊಂಡು, ಅದನ್ನೂ ನನ್ನ ಕೈಯಿಂದ ಕಿತ್ಕೋಬೇಡ."

ಹೊರಗೆ ಯಾರದೋ ಗಾಡಿ ಮೊದಲ ಗೇರಿನಲ್ಲೇ ಕಿರುಚಿಕೊಂಡು ಹೋಯಿತು. ಬೇರೆ ದಿನವಾಗಿದ್ದರೆ ಎರಡನೇದಕ್ಕೆ ಹಾಕಪ್ಪಾ ಎಂದು ಗೊಣಗುತ್ತಿದ್ದ.

"ಅದು ನಿನ್ನದು ಅನ್ನಿಸುತ್ತೆ ನನಗೆ. ನನ್ನದು ಅನ್ನಿಸಲ್ಲ" ಎಂದ, ಕೈ ಕಿಬ್ಬೊಟ್ಟೆಯ ಮೇಲಿಟ್ಟು.

"ನನಗೂ ಅದು ನನ್ನದು ಅನ್ನಿಸಲ್ಲ. ಹೊರಗೆ ಹೋದದ್ದು ಹೋಯಿತು. ಹಾಗಾದ್ರೆ ಯಾರದದು? ಬೀದಿದಾ? ಅಪ್ಪ ಅಮ್ಮ ಇಲ್ಲದ ಮಗುವಾ?" ಅವಳ ದನಿ ಏರಿ ಒಡೆಯಿತು. "ನಾನು ಬೇಡ ಬೇಡ ಅಂತಾನೇ ಕೊಟ್ಟ ವಸ್ತು ಕಣೋ ಅದು. ಖುಷಿಯಾಗಿ ಕೊಟ್ಟಿದ್ರೆ ಹಾಳು ಮಾಡ್ಕೊಂಡು ಹೋಗು ಅಂತಿದ್ದೆ. ಅಷ್ಟು ಕಷ್ಟಪಟ್ಟು ಕೊಟ್ಟಿದ್ದನ್ನ ಕೊಳೆಸಿದ್ರೆ ಮಾತ್ರ ನಿನ್ನನ್ನ ಸುಮ್ನೆ ಬಿಡಲ್ಲ."

ಅವಳೇ ಎದ್ದು ಹೋಗಿ ನೀರು ತಂದಳು. ಅವನು ಡಬ್ಬಿಯಿಂದ ಮಾತ್ರೆ ತೆಗೆದು ನಾಲಿಗೆಯ ಮೇಲಿಟ್ಟುಕೊಂಡ. ಕಹಿ ಹರಡಿತು. ಅವಳು ಕಣ್ಣು ಕೀಳದೆ ನೋಡುತ್ತಿದ್ದಳು, ನೀರಿನಡಿಗೆ ಮುಖ ಹಾಕಲು ಹೆದರುವ ಹೊಸಬರನ್ನು ನೋಡುವ ಹಾಗೆ, ಕರುಣೆಯಿಲ್ಲದೆ. ನುಂಗಿದ. ಬಾಯಿ ತೆರೆದು ತೋರಿಸು ಎಂದಳು. ತೋರಿಸಿದ. ಇಬ್ಬರಿಗೂ ಒಂದು ಕ್ಷಣ ನಗು ಬರುವಂತಾಯಿತು, ಆದರೆ ಬರಲಿಲ್ಲ.

ಅವಳು ಹೋದ ಮೇಲೆ, ಹೆಂಡತಿ ಇನ್ನೂ ಬಂದಿರಲಿಲ್ಲ, ಅವನು ಒಪ್ಪಿಕೋ ಅನ್ನುವ ಪದದ ಮೇಲೆ ಗುಂಡಿ ಒತ್ತಿದ. ಗುರಾಣಿಯವಳು ತೋಳಿನ ಕವಚ ಬಿಚ್ಚಿದಳು, ಕತ್ತಿಯ ಅಂಚನ್ನು ಮೊಳಕೈಯ ಕೆಳಗೆ ಎಳೆದಳು, ಬಟ್ಟಲು ಹಿಡಿದಳು. ಬೇಟೆಗಾರ ಅದನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದ. ಸಂಗೀತ ಬರುತ್ತದೆ, ಏನೋ ಆಗುತ್ತದೆ ಎಂದು ಅವನು ಕಾದ. ಏನೂ ಆಗಲಿಲ್ಲ. ನಿನ್ನ ರಕ್ತ ಮತ್ತೆ ಬೆಚ್ಚಗಾಗಿದೆ ಎಂಬ ಸಣ್ಣಕ್ಷರದ ಸಾಲು ಬಂದು ಹೋಯಿತು. ಕೆರೆಯ ಮೇಲೆ ಬಿಸಿಲು ಬಿದ್ದಿತ್ತು, ಹೊಗೆ ಏಳಲಿಲ್ಲ. ಗುರಾಣಿಯವಳು ಕವಚ ಕಟ್ಟಿಕೊಂಡು, ಮೊದಲಿನದೇ ದನಿಯಲ್ಲಿ, "ಎತ್ತ ಕಡೆ?" ಎಂದಳು. ಅವನು ಅವಳನ್ನು ತಿರುತಿರುಗಿ ಮಾತಾಡಿಸಿ ನೋಡಿದ. ಎತ್ತ ಕಡೆ. ಎತ್ತ ಕಡೆ. ನಡೆಯುವಾಗ ಮಾತ್ರ ಹಿಂದೆ ಬೀಳುತ್ತಿದ್ದಳು, ಏರಿನಲ್ಲಿ ನಿಲ್ಲುತ್ತಿದ್ದಳು. ಆದರೂ ಒಂದು ಗೊಣಗಾಟವಿಲ್ಲ. ಅವಳನ್ನು ಮಾಡಿದವರು ಅವಳಿಗೆ ಹೆಗಲು ಕೊಟ್ಟಿದ್ದರು, ದನಿ ಕೊಟ್ಟಿದ್ದರು, ಗುರಾಣಿಗೆ ತಗ್ಗು ಸಹ ಕೊಟ್ಟಿದ್ದರು. ಸಿಟ್ಟು ಕೊಡಲು ಮರೆತಿದ್ದರು. ಅವನಿಗೆ ಆ ಜೊತೆಗಾತಿಯ ಮೇಲೆ ಮರುಕ ಬಂದು, ಆ ಮರುಕದಲ್ಲೇ ಆಟ ರುಚಿಸದೆ ಹೋಯಿತು. ಹೆಂಡತಿ ಬಂದಾಗ ಅವನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು, ನೀರಿನದೇನೂ ತಪ್ಪಿಲ್ಲ, ನಾನೇ ಮಾತ್ರೆ ತಪ್ಪಿಸಿದೆ ಎಂದು ಹೇಳಿದ. ಅವಳು ಕೂಗಲಿಲ್ಲ. ಸಿಪ್ಪೆ ಎದ್ದ ಕೈಗಳನ್ನು ಸೆರಗಿನಲ್ಲಿ ಒರೆಸಿಕೊಂಡು, ಕುಕ್ಕರಗಾಲಿನಲ್ಲಿ ಕೂತು, "ನನ್ನ ಹತ್ರ ಹೇಳೋಕೆ ಏನಾಗಿತ್ತು?" ಎಂದು ಕೇಳಿದಳು. ಆ ಪ್ರಶ್ನೆ ಇನ್ನೂ ಎಷ್ಟೋ ದಿನ ಆ ಮನೆಯಲ್ಲಿ ಉಳಿಯಿತು.

ಡಾಕ್ಟರು ಬೈದರು, ಮಾತ್ರೆಯ ಪ್ರಮಾಣ ಏರಿಸಿದರು. ಮುಂದಿನ ರಿಪೋರ್ಟು ಮೊದಲಿನಷ್ಟು ಚೆನ್ನಾಗಿ ಬರಲಿಲ್ಲ, ಅಷ್ಟು ಕೆಟ್ಟದಾಗಿಯೂ ಬರಲಿಲ್ಲ. ಸ್ವಲ್ಪ ಹೋಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ನೋಡಿಕೊಳ್ಳಿ ಎಂದರು.

ಕೊಳಕ್ಕೆ ಬಾ ಎಂದು ತಂಗಿ ಕರೆದಿರಲಿಲ್ಲ. ಅವನೇ ಹೋದ. ಉದ್ದ ತೋಳಿನ ಅಂಗಿ, ಅಗಲದ ಟೋಪಿ, ಮಾಸ್ಕು, ಹಣೆಗೆ ಕೆನ್ನೆಗೆ ಬಿಳಿ ಮುಲಾಮು; ಟಿಕೆಟ್ಟಿನ ಗೂಡಿನವನು ಬಣ್ಣ ಬಳಿಯಲು ಬಂದವನೆಂದು ತಿಳಿದು ಹಿಂಬಾಗಿಲು ತೋರಿಸಿದ. ಮಧ್ಯಾಹ್ನದ ಹೊತ್ತು, ಕೊಳ ಖಾಲಿಯಿತ್ತು. ತಗಡಿನ ಚಪ್ಪರದ ನೆರಳಿನಲ್ಲಿ ಸಿಮೆಂಟಿನ ಮೆಟ್ಟಿಲ ಮೇಲೆ ಕೂತ. ತಂಗಿ ಅವನನ್ನು ಕಂಡಳು, ಏನೂ ಅನ್ನದೆ ನೀರಿಗೆ ಬಿದ್ದಳು. ಅವಳು ಈಜುವುದನ್ನು ಅವನು ಚಿಕ್ಕಂದಿನಿಂದ ನೋಡಿದವನು. ನೀರಿಗೂ ಅವಳಿಗೂ ಯಾವ ತಕರಾರೂ ಇಲ್ಲದ ಹಾಗೆ, ಚಾಕು ಬೆಣ್ಣೆಯಲ್ಲಿ ಹೋದ ಹಾಗೆ ಆ ಕಡೆಯ ಗೋಡೆ ಮುಟ್ಟಿ ಬರುತ್ತಿದ್ದಳು. ಈಗಲೂ ಹಾಗೇ ಹೊರಟಳು. ಅರ್ಧ ದಾಟಿದ ಮೇಲೆ ಕೈ ಬೀಸು ಸಣ್ಣದಾಯಿತು. ತಲೆ ಹೊರಗೆ ಬರುವುದು ಹೆಚ್ಚಾಯಿತು. ಒಂದು ಕಡೆ ನಿಂತು, ನೀರು ತುಳಿಯುತ್ತಾ, ಬಾಯಿ ತೆರೆದು ಉಸಿರು ಎಳೆದುಕೊಂಡಳು. ಅವನಿಗೆ ಕಣ್ಣು ಬೇರೆ ಕಡೆ ತಿರುಗಿಸಬೇಕು ಅನ್ನಿಸಿತು. ಎದ್ದು, ಚಪ್ಪಲಿ ಕೈಯಲ್ಲಿ ಹಿಡಿದು, ಬಂದ ದಾರಿಯಲ್ಲೇ ಹೋಗಿಬಿಡಬೇಕು ಅನ್ನಿಸಿತು. ಸಿಮೆಂಟಿನ ಅಂಚನ್ನು ಎರಡೂ ಕೈಯಿಂದ ಹಿಡಿದು ಕೂತು ನೋಡಿದ.

ಅವಳು ಆ ಕಡೆಯ ಗೋಡೆ ಮುಟ್ಟಿ, ತಿರುಗಿ, ನಿಧಾನವಾಗಿ ಅವನ ಕಡೆಗೆ ಬಂದಳು. ದಂಡೆ ಹಿಡಿದು ನೇತುಬಿದ್ದು ಏದುಸಿರು ಬಿಡುತ್ತಿದ್ದಳು. ಕಣ್ಣು ಕೆಂಪಾಗಿತ್ತು.

"ಮೊದಲು ನಿಲ್ತಿರಲಿಲ್ಲ" ಎಂದಳು. "ಆಪರೇಷನ್ನಿಂದಲೋ, ವಯಸ್ಸಾಯ್ತೋ, ಯಾರಿಗೆ ಗೊತ್ತು. ಡಾಕ್ಟರು ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತಾರೆ."

"ನಿಂತಿದ್ದು ನೋಡಿದೆ" ಎಂದ ಅವನು.

ಅವಳು ಮುಖದ ನೀರು ಒರೆಸಿಕೊಂಡು ಅವನನ್ನು ದಿಟ್ಟಿಸಿದಳು. ಬಿಳಿ ಕೆನ್ನೆ, ಟೋಪಿ, ಸಿಮೆಂಟಿನ ಅಂಚು ಬಿಡದ ಕೈಗಳು. ಅವಳ ಮುಖದಲ್ಲಿ ಸಿಟ್ಟು ಇತ್ತು, ಇದ್ದಲ್ಲೇ ಇತ್ತು. ಅದರ ಪಕ್ಕಕ್ಕೆ ಇನ್ನೇನೋ ಬಂದು ಜಾಗ ಮಾಡಿಕೊಂಡು ಕೂತಿತು.

"ಹಾಗಾದ್ರೆ ಅಲ್ಲೇ ಕೂತ್ಕೊ" ಎಂದಳು. "ಇನ್ನೊಂದು ಸಲ ಹೋಗಿ ಬರ್ತೀನಿ."

ಗೋಡೆಗೆ ಪಾದ ಒತ್ತಿ, ನೀರನ್ನು ಹಿಂದಕ್ಕೆ ತಳ್ಳಿ, ಅವಳು ಹೊರಟಳು.